ನರ್ಸಿಂಗ್ ಓದಿಗೆ ಎಷ್ಟು ಸಾಲ ಮಾಡಬಹುದು: ಮೊದಲ ಸಂಬಳದಿಂದ ಹಿಂದಕ್ಕೆ ಲೆಕ್ಕ

ಪಿಯು ಫಲಿತಾಂಶ ಬಂದ ವಾರದಿಂದಲೇ ಹರಿಹರ, ಜಗಳೂರು, ಚನ್ನಗಿರಿ, ಚಳ್ಳಕೆರೆ, ಹಿರಿಯೂರಿನ ಮನೆಗಳಿಗೆ ನರ್ಸಿಂಗ್ ಕಾಲೇಜುಗಳ ಫೋನ್ ಬರತೊಡಗುತ್ತದೆ. ಮೊದಲ ವರ್ಷದ ಫೀ ಇಷ್ಟು, ಓದು ಮುಗಿದ ಮೇಲೆ ಕೆಲಸ ಗ್ಯಾರಂಟಿ ಎನ್ನುತ್ತಾರೆ. ಆ ಕೆಲಸಕ್ಕೆ ಸಂಬಳ ಎಷ್ಟು ಎಂಬುದನ್ನು ಯಾರೂ ಹೇಳುವುದಿಲ್ಲ, ಹೆಚ್ಚಿನವರು ಕೇಳುವುದೂ ಇಲ್ಲ. ಫೀ ಕೇಳಿಕೊಂಡು ಬಂದು ದುಡ್ಡು ಹೊಂದಿಸಲು ಹೊರಡುತ್ತಾರೆ. ಈ ಲೆಕ್ಕವನ್ನು ತಿರುಗುಮುರುಗಾಗಿ ಹಾಕಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಕೈಗೆ ಬರುವ ಸಂಬಳದಿಂದ ಶುರುಮಾಡಿ, ಅದು ಎಷ್ಟು ಕಂತು ತಾಳುತ್ತದೆ ನೋಡಿ, ಆ ಕಂತಿಗೆ ಎಷ್ಟು ಸಾಲ ಸಿಗುತ್ತದೆ ಎಂದು ಕಂಡುಕೊಂಡು, ಕೊನೆಗೆ ಕಾಲೇಜಿನ ಬಾಗಿಲಿಗೆ ಹೋಗಬೇಕು.

ಯಾವ ಕೋರ್ಸ್ ಎಂಬುದು ಮೊದಲು

ಎಎನ್ಎಂ (ಆಕ್ಸಿಲರಿ ನರ್ಸಿಂಗ್ ಮತ್ತು ಮಿಡ್‌ವೈಫರಿ) 2 ವರ್ಷ, ಜಿಎನ್ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ಎಎನ್ಎಂ ಮತ್ತು ಜಿಎನ್ಎಂಗೆ ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ನಡೆಯುತ್ತದೆ, ಜಿಎನ್ಎಂಗೆ ಶೇ 40 ಅಂಕ ಬೇಕು. ಬಿಎಸ್ಸಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿ ಶೇ 45 ಅಂಕ ಪಡೆದಿರಬೇಕು, ಪರಿಶಿಷ್ಟರಿಗೆ ಶೇ 40 ಸಾಕು. ಜಿಎನ್ಎಂ ಪರೀಕ್ಷೆಯನ್ನು ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ನಡೆಸುತ್ತದೆ, ಬಿಎಸ್ಸಿಯದನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಯಾವುದನ್ನು ಓದಿದರೂ ಕೆಲಸಕ್ಕೆ ಬೇಕಾದ್ದು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ.

ಒಂದು ವರ್ಷದ ನರ್ಸಿಂಗ್ ಅಸಿಸ್ಟೆಂಟ್, ಹೆಲ್ತ್ ಅಸಿಸ್ಟೆಂಟ್ ಕೋರ್ಸ್‌ಗಳಿಗೆ ಆ ನೋಂದಣಿ ಸಿಗುವುದಿಲ್ಲ. ಫೀ ಕಡಿಮೆ ಎಂದು ಸೇರಿದವರು ಸ್ಟಾಫ್ ನರ್ಸ್ ಹುದ್ದೆಗೆ ಅರ್ಜಿಯನ್ನೇ ಹಾಕಲಾಗದೆ ಉಳಿಯುತ್ತಾರೆ. ಅದಕ್ಕೆ ಸಾಲ ಮಾಡಬೇಡಿ. ತರಗತಿಗೆ ಬರದೆ ಪರೀಕ್ಷೆಗೆ ಮಾತ್ರ ಬಂದರೆ ಸಾಕು ಎನ್ನುವ ‘ನಾನ್ ಅಟೆಂಡಿಂಗ್’ ಸೀಟಿಗೂ ಹೋಗಬೇಡಿ. ನಿಯಮದ ಪ್ರಕಾರ ಶೇ 80 ಹಾಜರಿ ಬೇಕು, ಪ್ರಮಾಣಪತ್ರ ಸಿಗುವ ಮುನ್ನ ಕ್ಲಿನಿಕಲ್ ತರಬೇತಿ ನೂರಕ್ಕೆ ನೂರು ಮುಗಿದಿರಬೇಕು. ಮಗಳು ಓದುತ್ತಲೇ ಹೊರಗೆ ದುಡಿದು ಫೀ ಕಟ್ಟಿಕೊಳ್ಳುತ್ತಾಳೆ ಎಂಬ ಅಂದಾಜು ಕೆಡುವುದೂ ಈ ಹಾಜರಿಯಿಂದಲೇ. ವಾರ್ಡ್ ಪೋಸ್ಟಿಂಗ್ (ಆಸ್ಪತ್ರೆಯ ವಾರ್ಡಿನಲ್ಲಿ ತರಬೇತಿ), ರಾತ್ರಿ ಪಾಳಿ, ತರಗತಿ ಮುಗಿಯುವಷ್ಟರಲ್ಲಿ ಸಮಯವೇ ಉಳಿಯುವುದಿಲ್ಲ.

ಪೂರ್ತಿ ಖರ್ಚನ್ನು ಕಾಗದದ ಮೇಲೆ ಇಳಿಸಿ

ಬೋಧನಾ ಶುಲ್ಕವಷ್ಟೇ ಖರ್ಚಲ್ಲ. ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಯೂನಿಫಾರ್ಮ್, ಪುಸ್ತಕ, ರೆಕಾರ್ಡ್ ಬುಕ್ಕು, ಪೋಸ್ಟಿಂಗ್‌ಗೆ ಹೋಗುವ ಬಸ್ಸು, ಹಾಸ್ಟೆಲ್, ಊಟ, ಕೊನೆಗೆ ನೋಂದಣಿ ಶುಲ್ಕ ಎಲ್ಲವೂ ಸೇರಬೇಕು. ಕಾಲೇಜಿನವರು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬಾರದು. ಪ್ರತಿ ವರ್ಷದ ಫೀ ವಿವರವನ್ನು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ, ಬ್ಯಾಂಕಿಗೂ ಅದೇ ಬೇಕು. ಮೊದಲ ವರ್ಷ ಕಡಿಮೆ ತೋರಿಸಿ ಎರಡನೇ ವರ್ಷ ಏರಿಸುವುದು ಇಲ್ಲಿ ಅಪರೂಪವಲ್ಲ.

ಲೆಕ್ಕ ತೋರಿಸಲು ಒಂದು ಉದಾಹರಣೆ. ಈ ಅಂಕಿಗಳ ಜಾಗದಲ್ಲಿ ನಿಮ್ಮ ಕಾಲೇಜಿನವನ್ನು ಹಾಕಿಕೊಳ್ಳಿ. ಬೋಧನಾ ಶುಲ್ಕ 70,000, ಹಾಸ್ಟೆಲ್ ಮತ್ತು ಊಟ 55,000, ಉಳಿದದ್ದು 20,000 ಎಂದರೆ ವರ್ಷಕ್ಕೆ 1,45,000 ರೂಪಾಯಿ, ಜಿಎನ್ಎಂನ ಮೂರು ವರ್ಷಕ್ಕೆ 4,35,000. ಇದರಲ್ಲಿ ಹಾಸ್ಟೆಲ್ಲೇ 1,65,000. ಖರ್ಚು ಇಳಿಸಲು ಜಾಗವಿರುವುದೂ ಅಲ್ಲೇ. ಬಿಸಿಎಂ (ಹಿಂದುಳಿದ ವರ್ಗಗಳ) ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಕ್ಕರೆ ಊಟ, ವಸತಿ ಉಚಿತ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ತಿಂಗಳಿಗಿಷ್ಟು ಎಂದು ಹತ್ತು ತಿಂಗಳು ಹಣ ಬರುತ್ತದೆ. ಕಾಲೇಜು ತನ್ನದೇ ಹಾಸ್ಟೆಲ್ ಕಡ್ಡಾಯ ಎನ್ನುತ್ತದೆಯೇ ಎಂದು ಸೇರುವ ಮುನ್ನವೇ ಕೇಳಿ. ಕಡ್ಡಾಯವಾದರೆ ಈ ದಾರಿಗಳೆಲ್ಲ ಮುಚ್ಚಿದಂತೆ.

ದಿನಾ ಊರಿಂದ ಓಡಾಡುವ ಯೋಚನೆಯಿದ್ದರೆ ಆ ದಾರಿಯಲ್ಲಿ ಸರ್ಕಾರಿ ಬಸ್ಸು ಎಷ್ಟಿವೆ ನೋಡಿ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಆದರೆ ದಾವಣಗೆರೆ, ಚಿತ್ರದುರ್ಗದ ಎಷ್ಟೋ ಹಳ್ಳಿ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಬೆಳಿಗ್ಗೆ ಏಳಕ್ಕೆ ವಾರ್ಡಿನಲ್ಲಿರಬೇಕಾದ ದಿನ ಮೊದಲ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನೂ ಕೇಳಿಕೊಳ್ಳಿ.

ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಅರ್ಜಿ ಹಾಕಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಮೊದಲೇ ನೋಡಿಕೊಳ್ಳಿ. ಹಣ ಬಾರದೆ ನಿಲ್ಲುವುದಕ್ಕೆ ಬಹಳ ಸಲ ಈ ಜೋಡಣೆಯೇ ಕಾರಣ. ಬರುವ ಹಣವೂ ವರ್ಷದ ಕೊನೆಗೋ ಮುಂದಿನ ವರ್ಷಕ್ಕೋ ಬರಬಹುದು. ಆದ್ದರಿಂದ ಸ್ಕಾಲರ್‌ಶಿಪ್ ನಂಬಿ ಫೀ ಕಂತಿನ ಮಾತು ಕೊಡಬೇಡಿ. ಬಂದಾಗ ಸಾಲಕ್ಕೆ ಕಟ್ಟಿ.

ಸಂಬಳದ ನಿಜವಾದ ಅಂಕಿ

ಕಾಲೇಜಿನ ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಇರುವುದು ಅತಿ ಹೆಚ್ಚು ಸಂಬಳ ಪಡೆದವರ ಫೋಟೊ. ನಿಮಗೆ ಬೇಕಾದ್ದು ಮಧ್ಯದಲ್ಲಿರುವವರ ಅಂಕಿ. ಅದೇ ಕಾಲೇಜಿನಲ್ಲಿ ಎರಡು ವರ್ಷದ ಹಿಂದೆ ಪಾಸಾದ ಐದಾರು ಜನರನ್ನು, ನಿಮ್ಮೂರ ಕಡೆಯವರನ್ನೇ, ಹುಡುಕಿ ಕೇಳಿ. ಮೊದಲ ಸಂಬಳ ಕೈಗೆ ಎಷ್ಟು ಬಂತು? ಪಾಸಾಗಿ ಎಷ್ಟು ತಿಂಗಳಿಗೆ ಕೆಲಸ ಸಿಕ್ಕಿತು? ಮೊದಲ ತಿಂಗಳ ಸಂಬಳವನ್ನು ಡಿಪಾಸಿಟ್ ಎಂದು ಹಿಡಿದುಕೊಂಡರೇ? ಪಿಎಫ್ (ಭವಿಷ್ಯ ನಿಧಿ) ಇದೆಯೇ? ಈಗ ಎಷ್ಟು ಸಿಗುತ್ತಿದೆ? ದಾವಣಗೆರೆಯ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆ ಎರಡಕ್ಕೆ ಹೋಗಿ ನರ್ಸಿಂಗ್ ಸೂಪರಿಂಟೆಂಡೆಂಟರನ್ನು ಹೊಸಬರಿಗೆ ಎಷ್ಟು ಕೊಡುತ್ತೀರಿ ಎಂದು ನೇರವಾಗಿ ಕೇಳಬಹುದು, ಹೇಳುತ್ತಾರೆ. ಬಂದ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆದು ನಡುವಿನದನ್ನು ಹಿಡಿಯಿರಿ.

ಹೇಳಿದ ಸಂಬಳವೆಲ್ಲ ಕೈಗೆ ಬರುವುದಿಲ್ಲ. 15,000 ಎಂದು ಹೇಳಿ ಅಷ್ಟರ ಮೇಲೂ ಪಿಎಫ್ ಹಿಡಿದರೆ ಶೇ 12ರಂತೆ 1,800 ಹೋಗುತ್ತದೆ. ನೌಕರರ ವೈದ್ಯಕೀಯ ವಿಮೆಯಾದ ಇಎಸ್ಐಗೆ ಶೇ 0.75, ಅಂದರೆ 113. ಕೈಗೆ ಬರುವುದು 13,087. ಪಿಎಫ್ ಇಲ್ಲದೆ ಪೂರ್ತಿ 15,000 ಕೈಗೆ ಕೊಡುತ್ತೇವೆ ಎನ್ನುವ ಆಸ್ಪತ್ರೆಗಿಂತ ಪಿಎಫ್ ಹಿಡಿಯುವ ಆಸ್ಪತ್ರೆಯೇ ಮೇಲು. ಹಣ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ, ಮಾಲೀಕರ ಪಾಲೂ ಸೇರುತ್ತದೆ, ಮುಂದೆ ಅನುಭವ ತೋರಿಸಬೇಕಾದಾಗ ದಾಖಲೆಯೂ ಆಗುತ್ತದೆ.

ಬೆಂಗಳೂರಿನಲ್ಲಿ 24,000 ಕೊಡುತ್ತಾರೆ ಎಂಬ ಮಾತನ್ನೂ ಇದೇ ರೀತಿ ಬಿಡಿಸಿ. ಮೂಲ ವೇತನ 12,000 ಇದ್ದರೆ ಪಿಎಫ್ 1,440 ಹೋಗುತ್ತದೆ. ಸಂಬಳ 21,000 ದಾಟಿದ್ದರಿಂದ ಇಎಸ್ಐ ಇಲ್ಲ, 25,000 ಮುಟ್ಟದ್ದರಿಂದ ವೃತ್ತಿ ತೆರಿಗೆಯೂ ಇಲ್ಲ. ಕೈಗೆ 22,560. ಊಟ ಸೇರಿ ಪಿಜಿಗೆ 9,000, ಫೋನು ಮತ್ತು ಕೈಖರ್ಚಿಗೆ 3,000 ಎಂದಿಟ್ಟುಕೊಂಡರೆ ಉಳಿಯುವುದು 10,560. ದಾವಣಗೆರೆಯಲ್ಲಿ ಮನೆಯಿಂದಲೇ ಓಡಾಡಿ 13,087ರಲ್ಲಿ ಕೈಖರ್ಚಿಗೆ 2,500 ತೆಗೆದರೆ ಉಳಿಯುವುದು 10,587. ಕಂತು ಕಟ್ಟುವ ಶಕ್ತಿಯಲ್ಲಿ ಎರಡೂ ಒಂದೇ. ಹಾಗೆಂದು ಬೆಂಗಳೂರು ಬೇಡವೆಂದಲ್ಲ. ದೊಡ್ಡ ಆಸ್ಪತ್ರೆಯ ಐಸಿಯು, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಅನುಭವ ಎರಡನೇ ಕೆಲಸದ ಸಂಬಳವನ್ನು ಏರಿಸುತ್ತದೆ. ಸಾಲ ತೀರಿಸಲು ಬೆಂಗಳೂರಿಗೆ ಹೋಗಬೇಕೆಂಬ ಮಾತಿಗೆ ಮಾತ್ರ ಈ ಲೆಕ್ಕದಲ್ಲಿ ಆಧಾರವಿಲ್ಲ.

ಸಂಬಳ ಹೀಗಿರುವುದು ಸರಿಯಲ್ಲ ಎಂಬುದು ಸರ್ಕಾರಕ್ಕೂ ಗೊತ್ತಿದೆ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200 ಹಾಸಿಗೆ ಮೀರಿದ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ನಷ್ಟೇ ಕೊಡಬೇಕು ಎಂದು ಶಿಫಾರಸು ಮಾಡಿತು. ಅದು ಶಿಫಾರಸು. ನ್ಯಾಯ ಕೇಳುವಾಗ ಬಳಸಿ, ಸಾಲದ ಲೆಕ್ಕಕ್ಕೆ ಅಲ್ಲ.

ಸರ್ಕಾರಿ ಹುದ್ದೆಯ ಸಂಬಳವನ್ನೂ ಮೊದಲ ವರ್ಷದ ಲೆಕ್ಕದಲ್ಲಿ ಹಿಡಿಯಬೇಡಿ. ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆ ಪಾಸಾದರೆ ನರ್ಸಿಂಗ್ ಆಫೀಸರ್ ಹುದ್ದೆಯ ಆರಂಭದ ಮೂಲ ವೇತನ 44,900, ನಿಜ. ಆದರೆ ಜಿಎನ್ಎಂ ಓದಿದವರು ಅದಕ್ಕೆ ಅರ್ಜಿ ಹಾಕಲು ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿರಬೇಕು. ಬಿಎಸ್ಸಿಯವರಿಗೆ ಆ ಷರತ್ತಿಲ್ಲ. ಆದ್ದರಿಂದ ಜಿಎನ್ಎಂ ಮುಗಿಸಿದವರು 12 ಹಾಸಿಗೆಯ ನರ್ಸಿಂಗ್ ಹೋಂನಲ್ಲಿ ಸಾವಿರ ರೂಪಾಯಿ ಹೆಚ್ಚು ಸಿಕ್ಕರೂ 50 ಹಾಸಿಗೆ ದಾಟಿದ ಆಸ್ಪತ್ರೆಯನ್ನೇ ಆರಿಸಿಕೊಳ್ಳುವುದು ಲೇಸು.

ಹಿಂದಕ್ಕೆ ಲೆಕ್ಕ

ಕೈಗೆ ಬರುವ ಸಂಬಳದ ಕಾಲು ಭಾಗಕ್ಕಿಂತ ಕಂತು ಹೆಚ್ಚಾಗಬಾರದು. ಮೂರನೇ ಒಂದು ಭಾಗದವರೆಗೂ ಎಳೆಯಬಹುದು ಎನ್ನುವವರಿದ್ದಾರೆ. ಆದರೆ ಹೊಸ ನರ್ಸ್‌ಗೆ ಮೊದಲ ವರ್ಷದಲ್ಲಿ ಕೆಲಸ ಬದಲಾಗುವುದು, ನಡುವೆ ಒಂದೆರಡು ತಿಂಗಳು ಸಂಬಳ ನಿಲ್ಲುವುದು ಸಾಮಾನ್ಯ. ಕಾಲು ಭಾಗವೇ ಸರಿ.

ಶೇ 10 ಬಡ್ಡಿಗೆ ಪ್ರತಿ 1 ಲಕ್ಷ ಸಾಲದ ತಿಂಗಳ ಕಂತು ಹೀಗೆ:

5 ವರ್ಷ: 2,125 ರೂಪಾಯಿ
7 ವರ್ಷ: 1,660 ರೂಪಾಯಿ
10 ವರ್ಷ: 1,322 ರೂಪಾಯಿ

ಈಗ ದಾವಣಗೆರೆ ಲೆಕ್ಕದಲ್ಲಿ ಕೈಗೆ ಬಂದ ಸುಮಾರು 13,000ದ ಕಾಲು ಭಾಗ 3,250. ಏಳು ವರ್ಷದಲ್ಲಿ ತೀರಿಸಬೇಕೆಂದರೆ 3,250 ಭಾಗಿಸು 1,660, ಅಂದರೆ 1.96 ಲಕ್ಷ. ಕಂತು ಶುರುವಾಗುವ ದಿನ ಸಾಲ ಇಷ್ಟಿರಬಹುದು. ಬ್ಯಾಂಕಿನಿಂದ ಪಡೆಯುವುದು ಇದಕ್ಕಿಂತಲೂ ಕಡಿಮೆ ಇರಬೇಕು, ಏಕೆಂದರೆ ಓದುವ ಕಾಲದಲ್ಲೂ ಬಡ್ಡಿ ಓಡುತ್ತಿರುತ್ತದೆ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಕೋರ್ಸ್ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಇರುವುದಿಲ್ಲ, ಸರಳ ಬಡ್ಡಿ ಮಾತ್ರ ಸೇರುತ್ತಾ ಹೋಗುತ್ತದೆ. ಜಿಎನ್ಎಂಗೆ ವರ್ಷಕ್ಕೊಂದು ಲಕ್ಷ ಪಡೆದರೆ ಮೊದಲ ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 40,000, ಎರಡನೆಯದಕ್ಕೆ 30,000, ಮೂರನೆಯದಕ್ಕೆ 20,000. 3 ಲಕ್ಷ ಪಡೆದದ್ದು ಕಂತು ಶುರುವಾಗುವ ಹೊತ್ತಿಗೆ 3,90,000 ಆಗಿರುತ್ತದೆ. ಅಂದರೆ ಜಿಎನ್ಎಂಗೆ 1.3ರಿಂದ ಭಾಗಿಸಿ. 1.96 ಲಕ್ಷ ಭಾಗಿಸು 1.3, ಸುಮಾರು ಒಂದೂವರೆ ಲಕ್ಷ. 13,000 ಕೈಗೆ ಬರುವ ಮನೆಗೆ ಮೂರು ವರ್ಷಕ್ಕೆ ಒಟ್ಟು ಸೇರಿ ತಡೆಯುವ ಸಾಲ ಇಷ್ಟೇ.

ಮೇಲಿನ ಉದಾಹರಣೆಯ 4,35,000ದಲ್ಲಿ 3 ಲಕ್ಷ ಸಾಲ ಮಾಡಿದರೆ ಏಳು ವರ್ಷಕ್ಕೆ ಕಂತು 6,474, ಸಂಬಳದ ಅರ್ಧದಷ್ಟು. ಹತ್ತು ವರ್ಷಕ್ಕೆ ಎಳೆದರೂ 5,154, ಕೊನೆಗೆ ಕಟ್ಟಿದ್ದು 6,18,000 ದಾಟುತ್ತದೆ. ಇಂಥ ಸೀಟನ್ನು ಬಿಡಬೇಕು, ಇಲ್ಲವೇ ಹಾಸ್ಟೆಲ್ ಖರ್ಚನ್ನು ತೆಗೆದು ಸಾಲ ಇಳಿಸಬೇಕು.

ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಚಿತ್ರ ಬದಲಾಗುತ್ತದೆ. 3 ಲಕ್ಷದ ಉದಾಹರಣೆಯಲ್ಲಿ ಮೊದಲ ವರ್ಷ ತಿಂಗಳಿಗೆ 833, ಎರಡನೇ ವರ್ಷ 1,667, ಆಮೇಲೆ 2,500 ಕಟ್ಟಬೇಕು. ಆಗ ಕಂತು 3 ಲಕ್ಷದ ಮೇಲೆ ಶುರುವಾಗಿ ಏಳು ವರ್ಷಕ್ಕೆ 4,980 ಆಗುತ್ತದೆ, ಒಟ್ಟಿನಲ್ಲಿ ಸುಮಾರು 35,000 ಉಳಿಯುತ್ತದೆ. ಹೀಗೆ ಕಟ್ಟುವವರಿಗೆ ಶೇ 1ರವರೆಗೆ ಬಡ್ಡಿ ಇಳಿಸುವ ಬ್ಯಾಂಕುಗಳೂ ಇವೆ, ಕೇಳಿ ಬರೆಸಿಕೊಳ್ಳಿ. ಮೆಕ್ಕೆಜೋಳ, ಶೇಂಗಾ, ಅಡಿಕೆ ಮಾರಿದ ಹಣ ಒಮ್ಮೆಗೇ ಬರುವ ಮನೆಗಳು ತಿಂಗಳು ತಿಂಗಳು ಕಟ್ಟುವ ಬದಲು ಸುಗ್ಗಿಯಲ್ಲಿ ವರ್ಷದ ಬಡ್ಡಿಯನ್ನು ಒಟ್ಟಿಗೆ ಕಟ್ಟಬಹುದು.

ಬಿಎಸ್ಸಿಗೆ ಇದೇ ಲೆಕ್ಕದಲ್ಲಿ 1.35ರಿಂದ ಭಾಗಿಸಬೇಕು. ವರ್ಷಕ್ಕೊಂದು ಲಕ್ಷದಂತೆ ನಾಲ್ಕು ಲಕ್ಷ ಪಡೆದರೆ ಕಂತಿನ ಹೊತ್ತಿಗೆ 5,40,000, ಹತ್ತು ವರ್ಷಕ್ಕೆ ಕಂತು 7,136. ಜಿಎನ್ಎಂಗಿಂತ ತಿಂಗಳಿಗೆ ಸುಮಾರು 2,000 ಹೆಚ್ಚು, ಜೊತೆಗೆ ಒಂದು ವರ್ಷದ ಸಂಬಳವೂ ಹೋಯಿತು. ಸಿಇಟಿ ಮೂಲಕ ಬಿಎಸ್ಸಿಯ ಸರ್ಕಾರಿ ಕೋಟಾ ಸೀಟು ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ, ಮುಂದಿನ ದಾರಿಗಳು ಅದಕ್ಕೆ ಹೆಚ್ಚು. ಮ್ಯಾನೇಜ್‌ಮೆಂಟ್ ಸೀಟಿಗೆ ದೊಡ್ಡ ಸಾಲ ಮಾಡಬೇಕಾದರೆ, ಸಾಲ ಕಡಿಮೆ ಇರುವ ಜಿಎನ್ಎಂ ಮುಗಿಸಿ, ದುಡಿದು, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡುವುದು ಆಸ್ತಿಯಿಲ್ಲದ ಮನೆಗೆ ಸುರಕ್ಷಿತ.

ಸಾಲ ಎಲ್ಲಿಂದ

ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನ ಬೇಡ, ಕೈಯಿಂದ ಹಾಕಬೇಕಾದ ಪಾಲೂ ಇಲ್ಲ, ತಂದೆ ಅಥವಾ ತಾಯಿ ಸಹ ಸಾಲಗಾರರಾಗಬೇಕು. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ದಾಖಲೆ ಉಳಿಯುತ್ತದೆ. ಶಾಖೆಯಲ್ಲಿ ಆಗುವುದಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ಒಯ್ಯಿರಿ. ತಂದೆಯ ಬೆಳೆ ಸಾಲ ಸುಸ್ತಿಯಾಗಿದ್ದರೆ ಸಿಬಿಲ್‌ನಲ್ಲಿ (ಪ್ರತಿಯೊಬ್ಬರ ಸಾಲದ ಇತಿಹಾಸದ ದಾಖಲೆ) ಕಾಣುತ್ತದೆ, ಅರ್ಜಿ ಅಲ್ಲೇ ನಿಲ್ಲಬಹುದು. ಜೂನ್‌ಗೆ ಮುಂಚೆಯೇ ಅದನ್ನು ಸರಿಮಾಡಿಕೊಳ್ಳಿ. ಡೊನೇಶನ್‌ಗೆ, ರಸೀದಿಯಿಲ್ಲದ ಹಣಕ್ಕೆ ಬ್ಯಾಂಕ್ ಸಾಲ ಕೊಡುವುದಿಲ್ಲ.

ವಾರ್ಷಿಕ ಆದಾಯ 4.5 ಲಕ್ಷದೊಳಗಿನ ಕುಟುಂಬಕ್ಕೆ ಕೇಂದ್ರದ ಬಡ್ಡಿ ಸಹಾಯಧನವಿದೆ. ಓದುವ ಕಾಲ ಮತ್ತು ಆ ಮೇಲಿನ ಒಂದು ವರ್ಷದ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ಮೇಲಿನ ಲೆಕ್ಕದ 90,000 ರೂಪಾಯಿ ಉಳಿಸುವುದು ಇದೇ, ಆಗ 1.3ರಿಂದ ಭಾಗಿಸುವ ಅಗತ್ಯವೂ ಇಲ್ಲ. ಆದರೆ ಕಾಲೇಜಿಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆ ಇರಬೇಕು, ಅದರ ವ್ಯಾಪ್ತಿಗೆ ಬಾರದ ನರ್ಸಿಂಗ್ ಸಂಸ್ಥೆಯಾದರೆ ಭಾರತೀಯ ನರ್ಸಿಂಗ್ ಪರಿಷತ್ತಿನ ಅನುಮೋದನೆ ಬೇಕು. ರಾಜ್ಯ ಪರಿಷತ್ತಿನ ಮಾನ್ಯತೆ ಇದೆ ಸಾಕು ಎಂದು ಕಾಲೇಜು ಹೇಳಿದರೆ ಒಪ್ಪಬೇಡಿ. ನಿಮ್ಮ ಕೋರ್ಸ್‌ಗೆ, ನಿಮ್ಮ ಕಾಲೇಜಿಗೆ ಸಹಾಯಧನ ಅನ್ವಯಿಸುತ್ತದೆಯೇ ಎಂದು ಸಾಲ ಮಂಜೂರಾಗುವ ಮುನ್ನ ಬ್ಯಾಂಕಿನಿಂದಲೇ ತಿಳಿಯಿರಿ. ಆದಾಯ ಪ್ರಮಾಣಪತ್ರವನ್ನು ಆಗಲೇ ಕೊಟ್ಟುಬಿಡಿ. ಸಿಇಟಿ ಸೀಟಿನವರು ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಅಭಿವೃದ್ಧಿ ನಿಗಮಗಳ ಅರಿವು ಸಾಲವನ್ನೂ ವಿಚಾರಿಸಿ, ಅದರ ಬಡ್ಡಿ ಶೇ 2.

ದೊಡ್ಡ ಹೊಡೆತ ಬೀಳುವುದು ಬ್ಯಾಂಕ್ ಸಾಲದಿಂದಲ್ಲ, ಅದು ಮಂಜೂರಾಗುವ ಮೊದಲು ಸೀಟು ಹಿಡಿಯಲು ಮಾಡುವ ಕೈಸಾಲದಿಂದ. ಮೂರು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ ಶೇ 36. 50,000ಕ್ಕೆ ತಿಂಗಳಿಗೆ 1,500 ಹೋಗುತ್ತದೆ. ಮೂರು ವರ್ಷ ಬಡ್ಡಿಯನ್ನಷ್ಟೇ ಕಟ್ಟಿದರೆ 54,000 ಹೋಗಿಯೂ ಅಸಲು ಹಾಗೇ ನಿಂತಿರುತ್ತದೆ. ತುರ್ತಿದ್ದರೆ ಬ್ಯಾಂಕಿನಲ್ಲಿ ಚಿನ್ನ ಇಟ್ಟು ಪಡೆಯಿರಿ, ಶಿಕ್ಷಣ ಸಾಲ ಬಂದ ವಾರವೇ ಬಿಡಿಸಿಕೊಳ್ಳಿ. ಫೀ ಕಟ್ಟಿದ ರಸೀದಿ ಇದ್ದರೆ ಆ ಹಣವನ್ನು ನಿಮಗೆ ಮರಳಿಸಲು ಬ್ಯಾಂಕ್ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿರಬೇಕು.

ಎಲ್ಲಿ ಕೆಡುತ್ತದೆ

ಒಂದು ವಿಷಯ ಫೇಲಾದರೆ ಕೋರ್ಸ್ ಉದ್ದವಾಗುತ್ತದೆ, ಸಂಬಳ ಮುಂದಕ್ಕೆ ಹೋಗುತ್ತದೆ, ಬ್ಯಾಂಕಿನ ಗಡುವು ಮಾತ್ರ ನಿಮಗಾಗಿ ನಿಲ್ಲುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿಯಲ್ಲಿ ಇಂಗ್ಲಿಷಿನಿಂದಾಗಿ ಎಡವುತ್ತಾರೆ. ಕಳೆದ ಬ್ಯಾಚಿನಲ್ಲಿ ಸೇರಿದವರೆಷ್ಟು, ಒಂದೇ ಸಲಕ್ಕೆ ಮುಗಿಸಿದವರೆಷ್ಟು ಎಂದು ಕಾಲೇಜನ್ನು ಕೇಳಿ. ಪೋಸ್ಟಿಂಗ್ ಯಾವ ಆಸ್ಪತ್ರೆಗೆ, ಅಲ್ಲಿಗೆ ಎಷ್ಟು ಕಾಲೇಜಿನವರು ಬರುತ್ತಾರೆ ಎಂಬುದೂ ಸಂಬಳಕ್ಕೆ ಸಂಬಂಧಿಸಿದ್ದೇ. ವಾರ್ಡಿನಲ್ಲಿ ರೋಗಿಗಳಿಗಿಂತ ವಿದ್ಯಾರ್ಥಿಗಳೇ ಹೆಚ್ಚಿದ್ದರೆ ಕ್ಯಾನುಲಾ ಹಾಕುವುದು, ಕ್ಯಾತಿಟರ್ ಹಾಕುವುದು ಕೈಗೆ ಹತ್ತುವುದಿಲ್ಲ. ಸಂದರ್ಶನದಲ್ಲಿ ಅದು ಐದೇ ನಿಮಿಷದಲ್ಲಿ ಗೊತ್ತಾಗಿ, ಟ್ರೈನಿ ಎಂದು ಕಡಿಮೆ ಸಂಬಳಕ್ಕೆ ತೆಗೆದುಕೊಳ್ಳುತ್ತಾರೆ.

ಮೂಲ ಅಂಕಪಟ್ಟಿಯನ್ನು ಕಾಲೇಜಾಗಲಿ ಆಸ್ಪತ್ರೆಯಾಗಲಿ ಬಾಂಡ್ ಎಂದು ಇಟ್ಟುಕೊಳ್ಳಲು ಬಿಡಬೇಡಿ. ಪರಿಶೀಲನೆಗೆ ಕೊಟ್ಟರೆ ಸ್ವೀಕೃತಿ ಪತ್ರ ಪಡೆಯಿರಿ. ಮೂಲ ಪ್ರತಿ ಕೈಯಲ್ಲಿಲ್ಲದ ನರ್ಸ್ ಹೆಚ್ಚು ಸಂಬಳದ ಕೆಲಸಕ್ಕೆ ಹೋಗಲಾರಳು.

ಮನೆಯಲ್ಲಿ ಮಾತಾಡದೆ ಬಿಡುವ ವಿಷಯ ಇನ್ನೊಂದಿದೆ. ಸಾಲ ಮಗಳ ಹೆಸರಿನಲ್ಲಿರುತ್ತದೆ, ಕಂತಿನ ಏಳು ವರ್ಷದ ನಡುವೆ ಮದುವೆ ಬರುತ್ತದೆ. ಆಗ ಕಂತು ಯಾರು ಕಟ್ಟುವುದು, ಅವಳು ಕೆಲಸ ಮುಂದುವರಿಸುತ್ತಾಳೆಯೇ ಎಂಬುದು ಸಾಲಕ್ಕೆ ಸಹಿ ಹಾಕುವ ಮುನ್ನವೇ ತೀರ್ಮಾನವಾಗಲಿ. ಅವಳ ದುಡಿಮೆ ನಿಂತರೆ ಬ್ಯಾಂಕ್ ಬರುವುದು ಸಹ ಸಾಲಗಾರರಾದ ತಂದೆಯ ಬಳಿಗೆ.

ಕಂತು ಶುರುವಾದ ಮೇಲೆ

ಕೊನೆಯ ಪರೀಕ್ಷೆಯಿಂದ ಫಲಿತಾಂಶ, ನೋಂದಣಿ, ಕೆಲಸದವರೆಗೆ ತಿಂಗಳುಗಳೇ ಹಿಡಿಯುತ್ತವೆ. ನೋಂದಣಿಗೆ ಬೇಕಾದ ಕಾಗದಗಳನ್ನು ಫಲಿತಾಂಶಕ್ಕೆ ಮೊದಲೇ ಜೋಡಿಸಿಡಿ. ಕೆಲಸ ಸಿಕ್ಕ ತಿಂಗಳಿನಿಂದಲೇ, ಕಂತಿನ ಗಡುವು ಬಾರದಿದ್ದರೂ, 2,000 ಆದರೂ ಸಾಲದ ಖಾತೆಗೆ ಹಾಕುತ್ತಾ ಬನ್ನಿ. ಶಿಕ್ಷಣ ಸಾಲವನ್ನು ಮುಂಚೆ ತೀರಿಸಿದರೆ ದಂಡವಿಲ್ಲ.

ಕೆಲಸ ಹೋದರೆ ಕಂತು ತಪ್ಪುವ ಮೊದಲೇ ಶಾಖೆಗೆ ಬರೆದುಕೊಡಿ. ನಿರುದ್ಯೋಗದ ಅವಧಿಗೆ ಕಂತಿಗೆ ಬಿಡುವು ಕೊಡಲು ಬ್ಯಾಂಕುಗಳ ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲೇ ಅವಕಾಶವಿದೆ. ತಪ್ಪಿದ ಮೇಲೆ ಹೋದರೆ ಸುಸ್ತಿದಾರರೆಂದು ನೋಡುತ್ತಾರೆ. ಸಂಬಳ ಏರಿದಂತೆ ಕಂತನ್ನೂ ಏರಿಸಿ. ಪೂರ್ತಿ ತೀರಿದ ದಿನ ಬಾಕಿ ಇಲ್ಲವೆಂಬ ಪತ್ರವನ್ನು ಪಡೆದು, ಎರಡು ತಿಂಗಳ ನಂತರ ಸಿಬಿಲ್‌ನಲ್ಲಿ ಖಾತೆ ಮುಚ್ಚಿದೆ ಎಂದು ತಂದೆಯ ಹೆಸರಿನಲ್ಲೂ ಮಗಳ ಹೆಸರಿನಲ್ಲೂ ಬಂದಿದೆಯೇ ನೋಡಿಕೊಳ್ಳಿ.